ಹೆಸರಿಗೂ ಮುಂಚೆ

ಬ್ರೆಕನ್ನಿನ ಅಂಚೆಮನೆಯಲ್ಲಿ ಬೆಳಗಿನ ನಾಲ್ಕೂವರೆಗೆ
ಕಾಗದ ವಿಂಗಡಿಸುವ ಕೈಗೆ ಒಡೆಯುವ ಹಕ್ಕಿಲ್ಲ,
ಕಣ್ಣಿಗೆ ಓದುವ ಹಕ್ಕಿದೆ.
ಲಕೋಟೆಯ ಒಳಗಿನದು ಅವರವರ ಪಾಡು.
ಹೊರಗಿನದು, ಇಪ್ಪತ್ತೊಂಬತ್ತು ವರ್ಷ, ನನ್ನದು.

ಹೆಸರು ಆಮೇಲೆ. ಮೊದಲು ಹೆಸರಿನ ಹಣೆ ನೋಡುತ್ತೇನೆ.
ಗಂಡಸರ ಹಣೆಯಲ್ಲಿ ಒಂದೇ ಬರಹ:
ನಿನ್ನೆ ಮೀಸೆ ಚಿಗುರಿದವನಿಗೂ ಮೂರು ಮದುವೆ ಮುರಿದವನಿಗೂ
ಮಿಸ್ಟರ್, ಮಿಸ್ಟರ್.
ಗೋಡೆಗೆ ಹೊಡೆದ ಮೊಳೆ,
ಯಾವ ಕೋಟನ್ನಾದರೂ ತೂಗುಹಾಕಿ.

ಒಂಬತ್ತನೇ ನಂಬರಿನ ಮನೆ: ಹಸಿರು ಬಾಗಿಲು,
ಬೆರಳು ಕಚ್ಚುವ ಸ್ಪ್ರಿಂಗಿನ ಕಿಂಡಿ.
ನಾನು ಕೆಲಸಕ್ಕೆ ಸೇರಿದ ವರ್ಷ ಅಲ್ಲಿ
ಮಿಸ್ ಎನಿಡ್ ಗೆತಿನ್.
ಭೂಗೋಳದ ಟೀಚರು. ಶಾಲೆಯ ಬೇಲಿ ದಾಟಿ
ಬೀದಿಗೆ ಕೇಳುತ್ತಿತ್ತು ಮಿಸ್! ಮಿಸ್!
ಒಂದಿಡೀ ತರಗತಿಯೇ ಬಸ್ಸು ತಪ್ಪಿಸಿಕೊಂಡ ಹಾಗೆ.

ಮಾರನೆಯ ಜೂನಿನಲ್ಲಿ ಲಕೋಟೆಗಳು ದಪ್ಪಗಾದವು, ಬೆಳ್ಳಿ ಅಂಚು.
ಮಿಸಸ್ ಐವರ್ ಪ್ಯಾರಿ.
ಹುಡುಕಿದೆ. ಎನಿಡ್ ಎಲ್ಲಿ? ಗೆತಿನ್ ಎಲ್ಲಿ?
ಮನೆ ಬದಲಾಗಿರಲಿಲ್ಲ. ಬಂದು ಸೇರಿದ್ದು ಅವನು,
ಎರಡು ಪೆಟ್ಟಿಗೆ, ಒಂದು ಕುಂಟುನಾಯಿ ಸಮೇತ.
ಹೊಸ್ತಿಲ ಹೊರಗೆ ಅವನು ಬಿಟ್ಟದ್ದು ಕೆಸರಿನ ಬೂಟು,
ಅವಳು ಬಿಟ್ಟದ್ದು ಹೆಸರು.
ಮಕ್ಕಳಿಗೆ ಮಾತ್ರ ಆ ಸುದ್ದಿ ತಲುಪಲೇ ಇಲ್ಲ.
ಮಿಸ್! ಮಿಸ್!

ಐವರ್ ಸ್ವಾನ್ಸಿಗೆ ಹೋದ. ನಾಯಿ ಉಳಿಯಿತು.
ವಕೀಲರ ಉದ್ದನೆಯ ಲಕೋಟೆಯ ಮೇಲೆ
ಮಿಸಸ್ ಎನಿಡ್ ಪ್ಯಾರಿ.
ಅದನ್ನು ಓದಲು ಕಲಿಸಿದ್ದು ನಮ್ಮಮ್ಮ:
ಮಿಸಸ್ ಪಕ್ಕ ಹೆಂಗಸಿನದೇ ಹೆಸರು ಬಂತೆಂದರೆ
ಗಂಡ ಓಡಿಹೋಗಿದ್ದಾನೆ, ಇಲ್ಲ ಓಡಿಸಿದ್ದಾಳೆ.
ವಿಧವೆಗಾದರೆ ಸತ್ತವನ ಹೆಸರೇ,
ಗೋರಿಗೆ ಒಮ್ಮೆ, ಲಕೋಟೆಗೆ ದಿನಾ.
ಅಮ್ಮ ದೊಡ್ಡ ಬಂಗಲೆಯ ಅಡುಗೆಯವಳು.
ಅಪ್ಪನ ಮುಖ ನೋಡುವ ಮೊದಲೇ ಅಲ್ಲಿ ಆಕೆ ಮಿಸಸ್.
ಅಡುಗೆಯವಳೆಂದರೆ ಹಾಗೇ ಕರೆಯುವುದಂತೆ.
ಯಾರನ್ನು ಕಟ್ಟಿಕೊಂಡಿದ್ದಳೋ.
ಒಲೆಯನ್ನಿರಬೇಕು.

ಒಂಬತ್ತನೇ ನಂಬರಿನಿಂದ ವಿದ್ಯುತ್ ಕಂಪನಿಗೆ
ಆರು ಕಾಗದ ಹೋದವು. ಆರನ್ನೂ ನಾನೇ ಒಯ್ದೆ.
ಏಳನೇ ತಿಂಗಳ ಬಿಲ್ಲಿನ ಮೇಲೆ
ಎಮ್ಮು, ಎಸ್ಸು. ನಡುವೆ ಏನೂ ಇಲ್ಲ. ಆಮೇಲೆ ಗೆತಿನ್.
ಕೌಂಟರಿನ ಗ್ವಿಲಿಮ್ ತಿರುಗಿಸಿ ತಿರುಗಿಸಿ ನೋಡಿದ:
ಸ್ವರವೇ ಇಲ್ಲವಲ್ಲ, ಬಾಯಲ್ಲಿ ಹಿಡಿಯೋದು ಹೇಗೆ?
ಮಿಝ್, ಅಂದೆ.
ಲೋಟದಡಿ ಸಿಕ್ಕಿದ ಜೇನುಹುಳ, ಅಂದ.
ಲೋಟ ಎತ್ತಿದ ಮೇಲೂ ಅದು ಹಾಗೇ ಅನ್ನೋದು ಗ್ವಿಲಿಮ್.

ಒಂದು ಬೀಜದ ಕಂಪನಿ ಮಾತ್ರ, ತಪ್ಪಿ,
ಮಿಸ್ಟರ್ ಇ. ಗೆತಿನ್ ಎಂದು ಬರೆಯುತ್ತಿತ್ತು.
ಮೊಳೆಯದ ಬಟಾಣಿಯ ದೂರಿಗೆ ಮೂರೇ ದಿನಕ್ಕೆ ಉತ್ತರ,
ಜೊತೆಗೆ ಪುಕ್ಕಟೆ ಎರಡು ಪೊಟ್ಟಣ.
ಅದನ್ನವಳು ತಿದ್ದಲಿಲ್ಲ.

ನನ್ನ ಕೊನೆಯ ಸುತ್ತು. ಕಿಂಡಿಯ ಬದಲು ಬಾಗಿಲೇ ತೆರೆಯಿತು.
ಮಡಚಿದ ಹಣ, ಬಿಳಿ ಲಕೋಟೆ, ಕೈಯಲ್ಲಿ ಶಾಯಿ ಪೆನ್ನು.
ಇಷ್ಟು ವರ್ಷ ನನ್ನ ಹೆಸರುಗಳನ್ನೆಲ್ಲ ಹೊತ್ತು ತಂದಿರಿ,
ನಿಮಗೆ ಏನಂತ ಬರೆಯಲಿ? ಹೆಸರಿಗೆ ಮುಂಚೆ?

ತಡವರಿಸಿದೆ.
ಈ ಜಡೆ ಕಂಡೂ ಊರು ಹೇಳುವುದು ಪೋಸ್ಟ್‌ಮ್ಯಾನ್ ಬಂದ ಅಂತ.
ನನಗೆ ಬರುವುದೇ ಅಷ್ಟಕ್ಕಷ್ಟೆ. ನೀರಿನ ಬಿಲ್ಲು ಬರುತ್ತದೆ,
'ಈ ಮನೆಯಲ್ಲಿರುವವರಿಗೆ'.

ಪೆನ್ನಿನ ತುದಿಯಲ್ಲಿ ಶಾಯಿ ಉಂಡೆಗಟ್ಟಿ
ಲಕೋಟೆಯ ಎಡಕ್ಕೆ ಬಿತ್ತು, ಹುಳುವಿನಷ್ಟು.
ಅಯ್ಯೋ, ಬೇರೆ ತರುತ್ತೇನೆ, ಅಂದಳು.
ಬೇಡ, ಇರಲಿ. ಅದರ ಪಕ್ಕ ಡಿಲಿಸ್ ಅಂತ ಬರೀರಿ.
ಒಂದೇ ಎಲ್ಲು.